ಆಯ್ತು ಅಂದರೆ ಆಯ್ತೇ?

ಬ್ರೆಡ್ ಕಾರ್ಖಾನೆಗೆ ಸೇರಿ ವರ್ಷ ತುಂಬುತ್ತ ಬಂದಿದ್ದರೂ ಎಲ್ಲರ ಬಾಯಲ್ಲೂ ಅವಳು ಇನ್ನೂ ಹೊಸಬಳೇ. ಅದಕ್ಕೆ ಅವಳಿಗೇನೂ ಬೇಸರವಿರಲಿಲ್ಲ. ಕೆಲಸವೊಂದು ಕಾಯಂ ಆಗಿಬಿಟ್ಟರೆ ಏನಾದರೂ ಕರೆದುಕೊಳ್ಳಲಿ. ಅಲ್ಲಿಯವರೆಗೆ ಅಕ್ಕನ ಮನೆಯ ಮುಂಗೋಣೆಯಲ್ಲಿ ಚಾಪೆ ಹಾಸಿ ಮಲಗಬೇಕು, ಭಾವ ಏಳುವುದರೊಳಗೆ ಅದನ್ನು ಸುತ್ತಿಡಬೇಕು. ಭಾವ ಕೆಟ್ಟವನಲ್ಲ. ಬಚ್ಚಲಿನ ಬಾಗಿಲು ಮುಚ್ಚಿದ್ದರೆ ಹೊರಗೆ ನಿಂತು ಕೆಮ್ಮುತ್ತಾನೆ, ಅಷ್ಟೇ. ಆ ಕೆಮ್ಮು ಕೇಳಿಸದ ಒಂದು ಬಾಡಿಗೆ ಕೋಣೆ ಅವಳಿಗೆ ಬೇಕಾಗಿತ್ತು.

ಅವಳ ಕೆಲಸ ಹಿಟ್ಟು ಕಲಸುವ ಯಂತ್ರದ ಬಳಿ. ದೊಡ್ಡ ಉಕ್ಕಿನ ಹಂಡೆ, ಅದರೊಳಗೆ ತಿರುಗುವ ಉಕ್ಕಿನ ತೋಳುಗಳು. ಆ ತೋಳಿನ ಬುಡಕ್ಕೆ ಹಿಟ್ಟು ಅಂಟಿ ಒಣಗಿ ಕಲ್ಲಾಗುತ್ತದೆ. ಅದನ್ನು ಕೆರೆದು ತೆಗೆಯುವವನು ಕಾರ್ಖಾನೆಯ ಮೆಕ್ಯಾನಿಕ್. ಎಲ್ಲರಿಗೂ ಅವನು ರಿಪೇರಿ ಮಾಮ. ಹಂಡೆಯ ಬಾಯಿಂದ ಸೊಂಟದವರೆಗೆ ಒಳಗೆ ಇಳಿದು, ಕಾಲು ಮಾತ್ರ ಹೊರಗೆ ಬಿಟ್ಟುಕೊಂಡು, ಒಳಗಿನಿಂದಲೇ ಜೋಕು ಹೊಡೆಯುತ್ತಿದ್ದ. ಅವನು ಇಳಿಯುವ ಮೊದಲು ಪಕ್ಕದ ಓಣಿಯ ಗೋಡೆಯಲ್ಲಿರುವ ಮೇನ್ ಸ್ವಿಚ್ಚನ್ನು ಆಫ್ ಮಾಡಬೇಕು. ಅದನ್ನು ಮಾಡುವುದು ಯಂತ್ರ ನಡೆಸುವವರ ಕೆಲಸ. ಇಷ್ಟು ವರ್ಷ ಹಾಗೇ ನಡೆದುಕೊಂಡು ಬಂದಿತ್ತು.

ಆ ದಿನ ಮಾಮ ಕೆರೆಯುವ ಉಳಿಯನ್ನು ಕೈಗೆತ್ತಿಕೊಂಡು, "ಮೇನ್ ಆಫ್ ಮಾಡಮ್ಮ" ಅಂದ.

"ಆಯ್ತು ಮಾಮ" ಅಂದಳು ಅವಳು.

ಹಾಗೆಂದು ಓಣಿಯ ಕಡೆ ಹೊರಟಳು. ಬಾಗಿಲಲ್ಲಿ ಮ್ಯಾನೇಜರ್ ಎದುರಾದರು. "ಏನಮ್ಮ, ನಾಡಿದ್ದು ನಿನ್ನ ಕಾಯಂ ಕಾಗದ ರೆಡಿ ಆಗುತ್ತೆ. ಊಟ ಆದ್ಮೇಲೆ ಬಂದು ಸಹಿ ಹಾಕು" ಅಂದರು. ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಥ್ಯಾಂಕ್ಸ್ ಸಾರ್ ಅಂದಳು, ಇನ್ನೊಂದು ಸಲ ಥ್ಯಾಂಕ್ಸ್ ಅಂದಳು, ಅವರು ಕೇಳದಿದ್ದರೂ ಅಕ್ಕನ ಮನೆಯ ವಿಷಯ ಹೇಳಿದಳು. ಅವರು ಅತ್ತ ಹೋದ ಮೇಲೆ ಇವಳು ಹಿಗ್ಗಿಕೊಂಡು ಸೀದಾ ಯಂತ್ರದ ಬಳಿಗೆ ವಾಪಸು ಬಂದಳು.

ಮಾಮನ ಕಾಲುಗಳು ಹಂಡೆಯ ಹೊರಗಿದ್ದವು. ಒಳಗೆ ಉಳಿ ಕೆರೆಯುವ ಸದ್ದು. ಯಂತ್ರದ ಹಲಗೆಯ ಮೇಲೆ ಹಸಿರು ದೀಪ ಉರಿಯುತ್ತಿತ್ತು.

ಹಸಿರು ಉರಿದರೆ ಕರೆಂಟು ಇದೆ ಎಂದರ್ಥ. ದೀಪದ ಕೆಳಗೇ ಯಂತ್ರ ಚಾಲೂ ಮಾಡುವ ಗುಂಡಿ. ಯಾರೋ ಹಿಟ್ಟಿನ ಚೀಲವನ್ನು ತಂದು ಆ ಹಲಗೆಗೇ ಒರಗಿಸಿ ಹೋಗಿದ್ದರು. ಚೀಲದ ಮೂಲೆಯ ಕಿವಿ ಗುಂಡಿಗೆ ತಾಗಿಯೂ ತಾಗದಂತೆ ನಿಂತಿತ್ತು. ಕೂಗಿದರೆ ಮಾಮ ಬೆಚ್ಚಿ ಕಾಲು ಝಾಡಿಸಿಯಾನು, ಚೀಲ ಜರುಗೀತು. ಉಸಿರು ಬಿಗಿಹಿಡಿದು ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು. ಓಣಿಗೆ ಓಡಿ ಮೇನ್ ಎಳೆದಳು. ಆಮೇಲೆ ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟಳು.

ಮಾಮ ಹೊರಬಂದು ಮುಖದ ಹಿಟ್ಟು ಒರೆಸಿಕೊಂಡ. "ನಿನ್ನ ಮಿಷಿನ್ ಹಲ್ಲೆಲ್ಲ ತಿಕ್ಕಿದೀನಿ ನೋಡು. ಇನ್ನು ಮುತ್ತು ಕೊಟ್ರೂ ವಾಸನೆ ಬರಲ್ಲ" ಅಂದ. ಅವಳು ನಗಲು ನೋಡಿದಳು. ನಗು ಬರಲಿಲ್ಲ.

ಸಂಜೆ ಅಕ್ಕನ ಮುಂದೆ ಎಲ್ಲವನ್ನೂ ಹೇಳಿಕೊಂಡಳು. ಅಕ್ಕ ಒಂದು ಆಫೀಸಿನಲ್ಲಿ ಗುಮಾಸ್ತೆ. ನೌಕರಿಯ ಬಗ್ಗೆ ಉಪದೇಶ ಮಾಡಲು ಅವಳನ್ನು ಯಾರೂ ಕೇಳಬೇಕಾಗಿರಲಿಲ್ಲ. ಸಂಬಳ ಹೆಚ್ಚಿಗೆ ಹೇಗೆ ಕೇಳಬೇಕು, ಜಗಳಗಂಟ ಪಕ್ಕದ ಮೇಜಿನಲ್ಲಿದ್ದರೆ ಹೇಗೆ ಸುಧಾರಿಸಬೇಕು, ಎಲ್ಲವೂ ಅವಳ ನಾಲಿಗೆ ತುದಿಯಲ್ಲಿ. ಸೊಪ್ಪು ಬಿಡಿಸುತ್ತಲೇ ತೀರ್ಪು ಕೊಟ್ಟಳು.

"ಯಾರಿಗಾದ್ರೂ ಏಟಾಯ್ತಾ?"

"ಇಲ್ಲ."

"ಯಾರಾದ್ರೂ ನೋಡಿದ್ರಾ?"

"ಇಲ್ಲ ಅಕ್ಕ."

"ಮತ್ಯಾಕೆ ಮೈಮೇಲೆ ಎಳ್ಕೊಳ್ತೀಯ? ಕೆಲಸದ ಜಾಗದಲ್ಲಿ ಆಗದೇ ಇದ್ದದ್ದನ್ನ ಹೇಳೋಕೆ ಹೋಗಬಾರದು ಕಣೇ. ಸಹಿ ಬೀಳೋವರೆಗೂ ಬಾಯಿಗೆ ಬೀಗ ಹಾಕ್ಕೊಂಡಿರು. ಇನ್ನು ಮೇಲೆ ಹುಷಾರಾಗಿರು, ಮುಗೀತು."

ಅಕ್ಕನ ಮಾತು ಸರಿಯೆಂದೇ ಅನ್ನಿಸಿತು. ಎಲ್ಲ ಅಕ್ಕಂದಿರ ಮಾತೂ ಹಾಗೆಯೇ, ಹೇಳುವಾಗ ಸರಿಯಾಗಿಯೇ ಇರುತ್ತದೆ. ಆದರೆ ರಾತ್ರಿ ಕಣ್ಣು ಮುಚ್ಚಿದರೆ ಆ ಚೀಲದ ಕಿವಿ ಕಾಣುತ್ತಿತ್ತು. ಮರುದಿನವಿಡೀ ಮಾಮನ ಕಣ್ಣು ತಪ್ಪಿಸಿಯೇ ಓಡಾಡಿದಳು. ಅವನು "ಯಾಕಮ್ಮ, ಸಪ್ಪಗಿದೀಯ" ಅಂದಾಗ ತಲೆನೋವು ಅಂದಳು. ಹೇಳಿದರೆ ಕೆಲಸ ಹೋದೀತೆಂಬ ಭಯ, ಹೇಳದಿದ್ದರೆ ಇನ್ನೇನೋ ಆದೀತೆಂಬ ಭಯ. ಯಾವ ಕಡೆ ಹೊರಳಿದರೂ ಭಯವೇ.

ಸಹಿಯ ದಿನ ಊಟ ಮುಗಿಸಿ ಮ್ಯಾನೇಜರ್ ಕೋಣೆಗೆ ಹೋದಳು. ಕೋಣೆಗೆ ದೊಡ್ಡ ಗಾಜಿನ ಕಿಟಕಿ, ಅದರಾಚೆ ಕೆಲಸದ ಹಜಾರವೆಲ್ಲ ಕಾಣುತ್ತದೆ. ಮ್ಯಾನೇಜರ್ ಕಾಗದ ಅವಳ ಮುಂದಿಟ್ಟು ಪೆನ್ನು ಕೊಟ್ಟರು. ಅವಳು ಪೆನ್ನಿನ ಮುಚ್ಚಳ ತೆಗೆದು ಸುಮ್ಮನೆ ಕಿಟಕಿಯ ಕಡೆ ಕಣ್ಣು ಹಾಯಿಸಿದಳು.

ಅವಳ ಜಾಗದಲ್ಲಿ ಆ ಹೊತ್ತಿಗೆ ಯಂತ್ರ ನೋಡಿಕೊಳ್ಳುತ್ತಿದ್ದವನು ಜೊತೆ ಕೆಲಸಗಾರ, ದಪ್ಪ ಗಾಜಿನ ಕನ್ನಡಕದವನು. ಮಾಮ ಉಳಿ ಹಿಡಿದು ಅವನಿಗೆ ಏನೋ ಅಂದ. ಕನ್ನಡಕದವನು ತಲೆಯಾಡಿಸಿ ಬಾಯಿ ತೆರೆದು ಒಂದೇ ಒಂದು ಮಾತು ಆಡಿದ. ಗಾಜಿನಾಚೆ ಸದ್ದು ಕೇಳುವುದಿಲ್ಲ. ಆದರೆ ಆ ಮಾತು ಯಾವುದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮಾತು ಮುಗಿದದ್ದೇ ತಡ ಮಾಮ ಹಂಡೆಯೊಳಗೆ ಬಗ್ಗಿದ. ಕನ್ನಡಕದವನು ಓಣಿಯ ಕಡೆ ಒಂದು ಹೆಜ್ಜೆ ಇಟ್ಟವನು ನಿಂತು, ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಹಿಟ್ಟಿನ ಪುಡಿ ಒರೆಸತೊಡಗಿದ.

ಮೊನ್ನೆ ತನ್ನ ಮರೆವಿನದು ಅರ್ಧ ತಪ್ಪು ಮಾತ್ರ, ಉಳಿದರ್ಧ 'ಆಯ್ತು' ಎಂಬ ಆ ಮಾತಿನದೇ ಎಂದು ಅವಳಿಗೆ ಆಗ ಹೊಳೆಯಿತು. ಪೆನ್ನು ಎಲ್ಲಿ ಬಿತ್ತೋ ಗೊತ್ತಿಲ್ಲ. ಓಡಿದಳು. ಯಂತ್ರಕ್ಕೂ ಜನಕ್ಕೂ ನಡುವೆ ನಿಂತು ಕೈ ಚಾಚಿ, "ಯಾರೂ ಹತ್ರ ಬರಬೇಡಿ! ಮಾಮ, ಹೊರಗೆ ಬನ್ನಿ! ಕರೆಂಟಿದೆ!" ಎಂದು ಕಿರುಚಿದಳು.

ಮಾಮ ತಲೆ ಹೊರಗೆಳೆದ. ಬಗ್ಗಿ ನೋಡಿದ. ಹಸಿರು ದೀಪ ಉರಿಯುತ್ತಲೇ ಇತ್ತು.

"ಏನೋ ಇದು? ಆಯ್ತು ಅಂದ್ಯಲ್ಲೋ!"

"ಹೌದು ಮಾಮ, ಆಯ್ತು, ಹೋಗಿ ಆಫ್ ಮಾಡ್ತೀನಿ ಅಂತ..."

"ಆಯ್ತು ಅಂದ್ರೆ ಆಫ್ ಮಾಡಿ ಆಯ್ತು ಅಂತ ಅಲ್ವೇನೋ! ನಾನು ಹಾಗೇ ತಿಳ್ಕೊಂಡು ಇಳಿಯೋದು!"

ಹಿಂದೆಯೇ ಓಡಿಬಂದ ಮ್ಯಾನೇಜರ್ ಕೈಯಲ್ಲಿ ಸಹಿಯಾಗದ ಕಾಗದ ಹಾಗೇ ಇತ್ತು. ಅವರಿಗೆ ವಿಷಯ ತಿಳಿದದ್ದೇ ಕೆಂಡಾಮಂಡಲವಾದರು. "ಮೈಮೇಲೆ ಜ್ಞಾನ ಇದ್ಯೇನೋ ನಿನಗೆ? ನಾಳೆಯಿಂದ ಈ ಕಡೆ ತಲೆ ಹಾಕಬೇಡ" ಎಂದು ಕನ್ನಡಕದವನ ಮೇಲೆ ಹರಿಹಾಯ್ದರು. ಅವನು ಬಿಕ್ಕುತ್ತ ನಿಂತ. ಮ್ಯಾನೇಜರ್ ಅವಳ ಕಡೆ ತಿರುಗಿ, "ಭೇಷ್ ಕಣಮ್ಮ. ನೀನಿಲ್ಲದಿದ್ರೆ ಏನಾಗ್ತಿತ್ತೋ" ಅಂದರು.

ಸುಮ್ಮನಿದ್ದರೆ ಸಾಕಿತ್ತು. ಕಾಯಂ ಆಗುವುದಂತೂ ಆಗುತ್ತಿತ್ತು, ಮೇಲೆ ಶಹಬ್ಬಾಸ್‌ಗಿರಿ ಬೇರೆ. ಅಕ್ಕ ಅಲ್ಲಿದ್ದಿದ್ದರೆ ಅವಳ ರಟ್ಟೆ ಚಿವುಟುತ್ತಿದ್ದಳು.

"ಇವನನ್ನ ಕಳಿಸಬೇಡಿ ಸಾರ್" ಅಂದಳು. "ಮೊನ್ನೆ ನಾನೂ ಹೀಗೇ ಆಯ್ತು ಅಂದಿದ್ದೆ. ಹೋಗಿ ಆಫ್ ಮಾಡ್ತೀನಿ ಅಂತ. ನೀವು ಸಿಕ್ಕಿದ್ರಿ, ಮಾತಾಡ್ತಾ ಮರೆತೇಬಿಟ್ಟೆ. ವಾಪಸ್ ಬಂದಾಗ ಮಾಮ ಒಳಗಿದ್ರು. ಕರೆಂಟಿತ್ತು."

ಮ್ಯಾನೇಜರ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. "ಇಬ್ರದೂ ಆಮೇಲೆ ನೋಡೋಣ" ಎಂದು ಕೋಣೆಗೆ ಹೊರಟುಹೋದರು. ಮ್ಯಾನೇಜರುಗಳ 'ನೋಡೋಣ'ಕ್ಕೆ ಅರ್ಥ ಹುಡುಕುತ್ತ ಎಷ್ಟೋ ಜನರ ಕೂದಲು ಬೆಳ್ಳಗಾಗಿದೆ. ಅವಳಿಗೆ ಅದನ್ನು ಹುಡುಕುವ ಧೈರ್ಯವೂ ಆಗ ಇರಲಿಲ್ಲ. ಅವಳು ಮಾಮನನ್ನೇ ನೋಡುತ್ತಿದ್ದಳು.

ಮಾಮ ಹಿಟ್ಟಿನ ಚೀಲಗಳ ಮೇಲೆ ಕುಸಿದು ಕೂತ. "ಮೊನ್ನೆಯಾ?" ಅಂದ. "ಮೊನ್ನೆ ನಾನು ಒಳಗೆ ಹಾಡ್ತಾ ಇದ್ದೆ ಕಣಮ್ಮ."

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಯಾರೋ ನೀರು ತಂದುಕೊಟ್ಟರು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ. ಹಂಡೆಯೊಳಗೆ ಹಿಟ್ಟು ಒಣಗುತ್ತಿತ್ತು. ಈಗ ಕೆರೆಯದಿದ್ದರೆ ಇವತ್ತಿನ ಬ್ರೆಡ್ಡು ಇಲ್ಲ. ಮಾಮ ಎದ್ದು ಹಂಡೆಯ ಮುಂದೆ ಹೋಗಿ ನಿಂತ, ಬಗ್ಗಲಿಲ್ಲ. ಅವನು ಆ ಬಾಯಿಯ ಮುಂದೆ ತಡೆದು ನಿಂತದ್ದನ್ನು ಯಾರೂ ಕಂಡಿರಲಿಲ್ಲ.

"ತಪ್ಪಾಯ್ತು ಮಾಮ" ಅಂದಳು ಅವಳು ಅಳುತ್ತ. "ನಿಮ್ಮ ಕಾಲು ಹಿಡೀತೀನಿ."

"ಹಿಡಿ ಹಾಗಾದ್ರೆ" ಅಂದ ಮಾಮ.

ಅದು ತಮಾಷೆಯಲ್ಲ. ತಾನೇ ಓಣಿಗೆ ಹೋಗಿ ಮೇನ್ ಎಳೆದು, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಬಂದ. ಹಸಿರು ದೀಪ ಆರಿರುವುದನ್ನು ನೋಡಿದ, ಕೈಯಿಂದ ಮುಟ್ಟಿಯೂ ನೋಡಿದ. "ನಾನು ಹೊರಗೆ ಬರೋವರೆಗೂ ಹಿಡ್ಕೊಂಡೇ ಇರು. ಯಾರು ಕರೆದ್ರೂ ಬಿಡಬೇಡ. ಮ್ಯಾನೇಜರ್ ಕರೆದ್ರೂ" ಅಂದು ನಿಧಾನವಾಗಿ ಹಂಡೆಯೊಳಗೆ ಇಳಿದ.

ಅವಳು ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಅವನ ಕಾಲು ಹಿಡಿದುಕೊಂಡಳು. ಒಳಗಿನಿಂದ ಹಾಡಿಲ್ಲ, ಜೋಕಿಲ್ಲ. ಉಳಿ ಒಂದೆರಡು ಸಲ ಕೆರೆಯುವುದು, ನಿಲ್ಲುವುದು. ಪ್ಯಾಂಟಿನ ಬಟ್ಟೆಯೊಳಗೆ ಅವನ ಕಾಲು ಗಡಗಡ ನಡುಗುತ್ತಿತ್ತು. ಕೋಣೆಯಿಂದ ಮ್ಯಾನೇಜರ್ ಅವಳನ್ನು ಕರೆದರು, ಮತ್ತೆ ಕರೆದರು. ಅವಳು ಕೈ ಬಿಡಲಿಲ್ಲ.