ಕಾವಿಗೆ ಕೂತವನು

"ಮತ್ತೆ ಎದ್ರಾ ಅಣ್ಣಾ?" ಎಂದಳು ನರ್ಸ್ ಏದ್ನಾ.

ಪೊಲ್ದೊ ಕಿಟಕಿಯ ಬಳಿ ನಿಂತಿದ್ದ. ದಿನ ತುಂಬುವ ಮೊದಲೇ ಹುಟ್ಟಿದ ಮಗಳನ್ನು ಅವನ ಬರಿ ಎದೆಗೆ ಬಟ್ಟೆಯಿಂದ ಬಿಗಿದಿದ್ದರು. ಕಾವು ಕೊಡುವ ಪೆಟ್ಟಿಗೆಗಳು ಅವಳಿಗಿಂತಲೂ ಚಿಕ್ಕ ಕೂಸುಗಳಿಂದ ತುಂಬಿದ್ದವು. ಹೆಂಡತಿ ಲಿಗಾಯ, ಹೆರಿಗೆಗೆ ಆಪರೇಷನ್ ಆಗಿ, ಜ್ವರ ಬಂದು, ಕೆಳಗಿನ ವಾರ್ಡಿನಲ್ಲಿ ಮಲಗಿದ್ದಳು.

ಇಲೋಯ್ಲೋ ಪಟ್ಟಣದ ಜೀಪ್ನಿ ನಿಲ್ದಾಣದಲ್ಲಿ ಊರುಗಳ ಹೆಸರು ಕೂಗಿ ಆ ಉದ್ದನೆಯ ಬಾಡಿಗೆ ಜೀಪುಗಳಿಗೆ ಜನರನ್ನು ಹತ್ತಿಸುವುದು ಅವನ ಕೆಲಸ. ಊಟವನ್ನೂ ನಿಂತೇ ಮಾಡುವವನು. ಇಲ್ಲಿ ಕುರ್ಚಿಯಲ್ಲಿ ಕೂತರೆ ಮೊಣಕಾಲು ತಾನಾಗಿ ಕುಣಿಯುತ್ತಿತ್ತು.

"ಕೋಳಿಯಾದ್ರೂ ಕಾವಿಗೆ ಕೂರುತ್ತೆ. ಇವನು ಚರ್ಚಲ್ಲಿ ಪೂಜೆ ಮುಗಿಯೋವರೆಗೂ ಕೂತವನಲ್ಲ," ಎಂದಳು ಅತ್ತೆ ಚೋಲೆಂಗ್. "ಕೂಸನ್ನ ನನಗೆ ಕೊಡಿ."

"ನಿಮ್ಮ ಮೈಯೇ ತಣ್ಣಗಿದೆಯಲ್ಲಮ್ಮಾ," ಎಂದು ನರ್ಸ್ ಮಗುವನ್ನು ಬಿಚ್ಚಿ ತಕ್ಕಡಿಯಲ್ಲಿಟ್ಟಳು. ತೂಕ ನಿನ್ನೆಗಿಂತ ಇಳಿದಿತ್ತು.

"ಹಾಲು ಕುಡೀತಾಳಲ್ಲ?" ಎಂದ ಪೊಲ್ದೊ.

"ಕುಡಿದದ್ದೆಲ್ಲ ಮೈ ಬೆಚ್ಚಗಿಟ್ಕೊಳ್ಳೋಕೇ ಹೋಗ್ತಿದೆ. ಕಾವು ನೀವು ಕೊಟ್ರೆ ಹಾಲು ಅವಳ ಮೈಗೆ ಹತ್ತುತ್ತೆ. ನೀವು ಓಡಾಡಿ ಬೆವರ್ತೀರಿ, ಬಟ್ಟೆ ಒದ್ದೆಯಾಗುತ್ತೆ, ಇರೋ ಕಾವೂ ಹೋಗುತ್ತೆ."

ಮಧ್ಯಾಹ್ನ ಪೊಲ್ದೊಗೆ ತಡೆಯಲಾಗಲಿಲ್ಲ. ಮಗಳನ್ನು ತೊಟ್ಟಿಲಲ್ಲಿ ಮಲಗಿಸಿ, ಬಟ್ಟೆ ಹೊದಿಸಿ, "ಈಗ ಬಂದೆ ಅತ್ತೆ," ಎಂದು ಇಳಿದ. ಗೇಟಿನೆದುರು ಅರ್ಧ ಖಾಲಿ ಜೀಪ್ನಿಯೊಂದು ನಿಂತಿತ್ತು. ಕೂಗಿದ. ಜನ ತಿರುಗಿ ನೋಡಿದರು, ಒಬ್ಬೊಬ್ಬರೇ ಹತ್ತಿದರು. ಕೈಕಾಲಿಗೆ ಜೀವ ಬಂದಂತಾಯಿತು. ಗಾಡಿ ತುಂಬಿ ಹೊರಡುವವರೆಗೂ ಅಲ್ಲಿಂದ ಕದಲಲಿಲ್ಲ.

ಮೇಲೆ ಬಂದಾಗ ಚೋಲೆಂಗ್ ಮಗುವಿನ ಪಾದಗಳನ್ನು ತನ್ನ ಅಂಗಿಯ ಚುಂಗಿನಲ್ಲಿ ಸುತ್ತಿ ತಿಕ್ಕುತ್ತಿದ್ದಳು. ಬೈಯಲಿಲ್ಲ. ಅದರಿಂದಲೇ ಅವನಿಗೆ ಹೆದರಿಕೆಯಾಯಿತು.

"ತಣ್ಣಗಾಗಿದಾಳೆ," ಎಂದಳು. "ಅಳೋದಕ್ಕೂ ಆಗ್ತಿಲ್ಲ ಅವಳಿಗೆ."

ಏದ್ನಾ ಅವನ ಎದೆಯ ಬೆವರನ್ನು ಒಣಬಟ್ಟೆಯಿಂದ ಒರೆಸಿ ಮಗುವನ್ನು ಬಿಗಿದು ಕಟ್ಟಿದಳು. ಆಗಷ್ಟೇ ನೀರಿನಿಂದ ತೆಗೆದ ಮೀನು ಮೈಗೆ ತಗುಲಿದ ಹಾಗಾಯಿತು. ಎಲ್ಲಾದರೂ ಓಡಿಹೋಗಬೇಕೆನಿಸಿತು. ಕೂತ. ಮೊಣಕಾಲು ಕುಣಿಯತೊಡಗಿದಾಗ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿದ. ಬೆನ್ನು ನೊಂದಿತು, ಮೂಗು ತುರಿಸಿತು, ಕೈ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಎದೆಯ ಮೇಲಿನ ತಂಪು ಎಲ್ಲೋ ಕರಗಿತು. ಯಾವುದು ತನ್ನ ಮೈ, ಯಾವುದು ಅವಳದು ಎಂದು ತಿಳಿಯದಾಯಿತು. ಬಟ್ಟೆಯೊಳಗೆ ಒಂದು ಸಣ್ಣ ಕಾಲು ಅವನ ಪಕ್ಕೆಯನ್ನು ಒದೆಯಿತು.

ಸಂಜೆ ಚೋಲೆಂಗ್ ಶುಂಠಿ ಹಾಕಿದ ಗಂಜಿ ತಂದಳು. ಅವನ ಎರಡು ಕೈಯೂ ಮಗುವಿನ ಬೆನ್ನ ಮೇಲಿದ್ದವು. ಅವಳು ಸ್ಟೂಲು ಎಳೆದು ಹತ್ತಿರ ಕೂತು, ಚಮಚದ ಗಂಜಿಯನ್ನು ಊದಿ ಊದಿ ಆರಿಸಿ, ಅಳಿಯನ ಬಾಯಿಗೆ ಹಿಡಿದಳು.