ಸೈಕಲ್ ಸ್ಟ್ಯಾಂಡಿನ ಜಿಲಾನಿಗೊಂದು ಕುರ್ಚಿ

ತಿಕೋಟಾದ ಶ್ರೀಶೈಲ ಟಾಕೀಸಿನ ಸೈಕಲ್ ಸ್ಟ್ಯಾಂಡನ್ನು ಜಿಲಾನಿ ಮೂವತ್ತೊಂದು ವರ್ಷ ಕಾದಿದ್ದ. ಅಷ್ಟು ವರ್ಷದಲ್ಲಿ ಒಂದೇ ಒಂದು ಸಿನಿಮಾದ ಕೊನೆಯನ್ನೂ ಅವನು ಕಂಡಿರಲಿಲ್ಲ. ನಂಬಲಿಕ್ಕೆ ಕಷ್ಟ, ಆದರೆ ಕಾರಣ ಸರಳ. ಘೋಣಸಗಿ ಮತ್ತು ಸುತ್ತಲಿನ ಹಳ್ಳಿಯವರು ಆಟ ಶುರುವಾದ ಮೇಲೂ ಸೈಕಲ್ ತುಳಿದುಕೊಂಡು ಬರುತ್ತಲೇ ಇರುತ್ತಿದ್ದರು. ಮುಗಿದ ಮೇಲೆ ಎಲ್ಲರೂ ಒಮ್ಮೆಲೇ ಹೊರಗೆ ನುಗ್ಗಿ, ಸೈಕಲ್ ನಂಬರಿನ ತಗಡಿನ ಬಿಲ್ಲೆ ಹಿಡಿದು ಮೈಮೇಲೆ ಬೀಳುತ್ತಿದ್ದರು. ಅದಕ್ಕೆ ಕಾಲು ಗಂಟೆ ಮೊದಲೇ ಸಾಲು ಬಿಡಿಸಿಟ್ಟು ಸಜ್ಜಾಗಿ ನಿಲ್ಲಬೇಕು. ಬಾಗಿಲ ಸಂದಿಯಲ್ಲಿ ನಿಂತು ನೋಡಿದ ನಡುವಿನ ಭಾಗವಷ್ಟೇ ಅವನ ಪಾಲಿಗೆ.

ಕೊನೆ ಹೇಳುವ ಕೆಲಸ ಹೆಂಡತಿ ಬೀಬಿಜಾನಳದು. ಅವಳು ಹೆಂಗಸರ ಕ್ಲಾಸಿನಲ್ಲಿ ಪುಕ್ಕಟೆ ಕೂತು ನೋಡಿಬಂದು, ರೊಟ್ಟಿ ಬಡಿಯುತ್ತ ಕತೆ ಹೇಳುತ್ತಿದ್ದಳು. ಗಂಡನ ಮೇಲೆ ಸಿಟ್ಟಿದ್ದ ದಿನ ಹೀರೋ ಸಾಯುತ್ತಿದ್ದ. ಸಿಟ್ಟಿಲ್ಲದ ದಿನ ಅವನ ಮದುವೆಯಾಗುತ್ತಿತ್ತು.

ಟಾಕೀಸು ಮುಚ್ಚಿ ಹದಿನೆಂಟು ವರ್ಷ ಪಾರಿವಾಳಗಳ ಪಾಲಾಗಿತ್ತು. ಈಗ ಊರವರೇ ಸಮಿತಿ ಕಟ್ಟಿಕೊಂಡು, ಸೋರುವ ತಗಡು ಬದಲಿಸಿ, ಪರದೆಯ ಮುಂದೆ ವೇದಿಕೆ ಕಟ್ಟಿಸಿ, ನಾಟಕ, ಹಾಡು, ಸಿನಿಮಾ ಎಲ್ಲಕ್ಕೂ ಒದಗುವಂತೆ ಮಾಡಿದ್ದರು. ಭಾನುವಾರ ಮಧ್ಯಾಹ್ನ ಬಬಲೇಶ್ವರದ ತಂಡದ ನಾಟಕದಿಂದ ಆರಂಭ. ಆಮಂತ್ರಣ ಬಂದ ದಿನವೇ ಜಿಲಾನಿ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿಟ್ಟ.

"ಈ ಸಲ ಕಡೀತನಕ ಕುಂತು ನೋಡಾಂವ ನಾ."

"ನೋಡ್ರಿ, ಯಾರ ಬ್ಯಾಡಂತಾರ?" ಎಂದಳು ಬೀಬಿಜಾನ.

ಬೇಡ ಎಂದವರು ಯಾರೂ ಇಲ್ಲ. ಆದದ್ದೇ ಬೇರೆ. ಭಾನುವಾರ ಗೇಟು ದಾಟುವಷ್ಟರಲ್ಲಿ ಸಮಿತಿಯ ಅಧ್ಯಕ್ಷ ಅಮರಪ್ಪ ಓಡಿಬಂದು ಜಿಲಾನಿಯ ಕೈ ಹಿಡಿದ. ಬೀಬಿಜಾನಳನ್ನು ಒಳಗೆ ಕಳಿಸಿ, ಅವನೊಬ್ಬನನ್ನೇ ಬಲಕ್ಕೆ ಎಳೆದುಕೊಂಡು ಹೋದ. ಅಲ್ಲಿ ಹಳೇ ಸೈಕಲ್ ಸ್ಟ್ಯಾಂಡು ಇದ್ದ ಹಾಗೆಯೇ ಎದ್ದು ನಿಂತಿತ್ತು! ಅದೇ ಹಸಿರು ಬಣ್ಣದ ಬೋರ್ಡು, ಅದೇ ಬಿದಿರಿನ ಅಡ್ಡಗಟ್ಟು, ಹನ್ನೆರಡು ಹಳೇ ಸೈಕಲ್ಲು. ನಡುವೆ ಒಂದು ಸ್ಟೂಲು.

"ಜೈನಾಪುರದ ಮನೀ ಅಟ್ಟಾ, ವಿಜಯಪುರದ ಗುಜರಿ, ಎಲ್ಲಾ ಕಡೆ ಎರಡ ತಿಂಗಳು ತಿರುಗೇನ್ರಿ ಚಾಚಾ. ಮೊದಲ ಹ್ಯಾಂಗಿತ್ತೋ ಹಂಗ ಮಾಡೇವಿ. ನೀವ ಒಬ್ಬರು ಕಡಿಮಿ ಇದ್ರಿ. ಕುಂದರ್ರಿ!"

ಶಾಲು ಬಿತ್ತು, ಹಾರ ಬಿತ್ತು, ಜನ ಚಪ್ಪಾಳೆ ತಟ್ಟಿದರು. ಅಮರಪ್ಪನ ಕಣ್ಣಲ್ಲಿ ನೀರು. ಬೈದು ಕೂರಿಸಿದ್ದರೆ ಜಿಲಾನಿ ಎದ್ದು ಹೋಗುತ್ತಿದ್ದ. ಪ್ರೀತಿಯಿಂದ ಕೂರಿಸಿದವರ ಮುಂದೆ ಏನು ಮಾಡುವುದು? ಕೂತ.

ಒಳಗೆ ನಾಟಕ ಶುರುವಾಗುವ ಗಂಟೆ ಹೊಡೆಯಿತು. ಹೊರಗೆ ಜಿಲಾನಿ, ಹನ್ನೆರಡು ಸೈಕಲ್ಲು. ಬಂದವರೆಲ್ಲ ಬೈಕು ಕಾರುಗಳಲ್ಲಿ ಬಂದು ರಸ್ತೆಯಲ್ಲೇ ನಿಲ್ಲಿಸಿದ್ದರು. ಅಥಣಿ ರಸ್ತೆಯ ಲೇಔಟಿನಿಂದ ತಡವಾಗಿ ಬಂದ ಒಂದು ಕುಟುಂಬ ಅವನ ಪಕ್ಕ ನಿಂತು ಫೋಟೊ ತೆಗೆಸಿಕೊಂಡಿತು. "ಅಜ್ಜಾ, ಸ್ವಲ್ಪ ನಗ್ರಿ," ಎಂದರು. ನಕ್ಕ. ಒಳಗೆ ಸಭೆಗೆ ಸಭೆಯೇ ಘೊಳ್ಳೆಂದು ನಕ್ಕಿತು. ಯಾತಕ್ಕೆ ನಕ್ಕರೆಂದು ಜಿಲಾನಿಗೆ ತಿಳಿಯಲಿಲ್ಲ, ಕಣ್ಣು ತುಂಬಿಬಂತು. ಎಪ್ಪತ್ತೆರಡರ ಮುದುಕ ನಾಟಕಕ್ಕಾಗಿ ಅಳುವುದೇ ಎಂದು ನಾಚಿಕೆಯೂ ಆಯಿತು.

ವಿರಾಮವೂ ಮುಗಿಯಿತು. ಸ್ವಲ್ಪ ಹೊತ್ತಿಗೆ ಅಮರಪ್ಪ ಫೋನು ಬಂತೆಂದು ಹೊರಗೆ ಬಂದ. ಮಾತು ಮುಗಿಸಿ, "ಆರಾಮ ಅದೀರಲ್ರಿ ಚಾಚಾ?" ಎಂದು ಕೇಳಿದ.

"ಇಲ್ಲೋ ಯಪ್ಪಾ," ಎಂದುಬಿಟ್ಟ ಜಿಲಾನಿ. "ನೀ ಮಾಡಿದ್ದೆಲ್ಲಾ ಚೊಲೋ ಐತಿ. ಆದ್ರ ಮೂವತ್ತೊಂದು ವರ್ಷ ಒಂದೂ ಕಡೀತನಕ ನೋಡಿಲ್ಲ ನಾ. ಇವತ್ತ ನೋಡಾಕ ಬಂದಿದ್ದೆ. ನೀ ಮತ್ತ ಹೊರಗ ಕುಂದರ್ಸಿದಿ."

ಅಮರಪ್ಪನ ಮುಖ ಸಪ್ಪಗಾಯಿತು. "ಮೊದಲ ಹೇಳಬಾರದೇನ್ರಿ?"

"ಹಾರ ಹಾಕಾಕತ್ತಾಗ ಹ್ಯಾಂಗ ಹೇಳಲಿ?"

"ಸೈಕಲ್ಲು ಮಂದೀವು, ಕೈಕಾಲು ಹಿಡದು ಇಸಗೊಂಡು ಬಂದೀನಿ. ಕಾಯಾಕ ಒಬ್ಬರರ ಬೇಕಲ್ರಿ..."

ಜಿಲಾನಿ ಹಾರ ತೆಗೆದು ಅಮರಪ್ಪನ ಕೊರಳಿಗೆ ಹಾಕಿದ. "ಹಂಗಾರ ನೀ ಕಾಯಿ."

ಒಳಗೆ ಬೀಬಿಜಾನ ಪಕ್ಕದ ಕುರ್ಚಿಯ ಮೇಲೆ ಸೆರಗು ಹಾಸಿ ಜಾಗ ಹಿಡಿದೇ ಇದ್ದಳು. ಹೊಲದ ಬದುವಿಗಾಗಿ ಬಡಿದಾಡಿಕೊಂಡ ಅಣ್ಣತಮ್ಮಂದಿರ ಕತೆ. ಮುಂದೇನೆಂದು ಎಲ್ಲರಿಗೂ ಗೊತ್ತಾಗಿತ್ತು, ಜಿಲಾನಿಯೊಬ್ಬನನ್ನು ಬಿಟ್ಟು. ಹೆಂಡತಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

"ಕೂಡತಾರೇನ ಇವ್ರು?"

"ಸುಮ್ಮ ನೋಡ್ರಿ. ಈ ಸಲ ನಾ ಹೇಳಂಗಿಲ್ಲ."

ಅಣ್ಣತಮ್ಮಂದಿರು ಕೂಡಿದರು, ಒಂದೇ ತಾಟಿನಲ್ಲಿ ಉಂಡರು. ಜಿಲಾನಿ ಕಣ್ಣು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಸುಖವಾಗಿ ಅತ್ತ.

ಆಮೇಲೆ ಕಾರ್ಯದರ್ಶಿ ಶಾಂಭವಿ ವಂದನಾರ್ಪಣೆಗೆ ಮೈಕು ಹಿಡಿದಳು. ಕುರ್ಚಿ ಸರಿಸಿ, ಚಪ್ಪಲಿ ಹುಡುಕಿ ಸಭೆಯೆಲ್ಲ ಎದ್ದಿತು. ಬೀಬಿಜಾನಳೂ ಎದ್ದಳು. ಜಿಲಾನಿ ಏಳಲಿಲ್ಲ. ಪೆಂಡಾಲಿನವರಿಗೆ, ಬಣ್ಣದವರಿಗೆ, ಚಹಾ ಕೊಟ್ಟವರಿಗೆ ಶಾಂಭವಿ ಒಬ್ಬೊಬ್ಬರಾಗಿ ವಂದನೆ ಹೇಳುತ್ತಿದ್ದಳು. ಅವನು ಕೈಕಟ್ಟಿ ಕೇಳುತ್ತಿದ್ದ.

ಬಾಗಿಲಲ್ಲಿ ಅಮರಪ್ಪ ಕಾಣಿಸಿಕೊಂಡ, ಕೊರಳಲ್ಲಿ ಹಾರ, ಮುಖದ ತುಂಬ ಬೆವರು. "ಚಾಚಾ, ಲಗೂನ ಬರ್ರಿ! ಮಂದಿ ಸೈಕಲ್ ಹತ್ತಿ ತುಳ್ಯಾಕತ್ತಾರ. ನನ್ನ ಮಾತ ಯಾರೂ ಕೇಳವಲ್ರು! ನಾಟಕ ಮುಗೀತಲ್ರಿ?"

ಜಿಲಾನಿ ತಿರುಗಿಯೂ ನೋಡಲಿಲ್ಲ.

"ಎಲ್ಲಿ ಮುಗೀತೋ? ಇನ್ನಾ ಮೈಕಿನಾಂವಗ ವಂದನಾ ಹೇಳೂದು ಬಾಕಿ ಐತಿ. ತಡಿ."