ಕೆನ್ನೆ ಮೇಸ್ತ್ರಿಯ ನಯ

ಲೋಕವೆಲ್ಲ ಮರವನ್ನು ಕಣ್ಣಿನಿಂದ ನೋಡುತ್ತದೆ, ಹೆಚ್ಚೆಂದರೆ ಬೆರಳಿನಿಂದ ಸವರುತ್ತದೆ. ನಮ್ಮ ಬೀದಿಯ ಮೇಸ್ತ್ರಿ ಮಾತ್ರ ಅದಕ್ಕೆ ಕೆನ್ನೆ ಕೊಡುತ್ತಿದ್ದರು. ಕಂಪ್ಯೂಟರಿನ ಅಣತಿಯಂತೆ ಮರ ಕೆತ್ತುವ ಅವರ ಸಿಎನ್‌ಸಿ ರೌಟರ್ ಕೆಲಸ ಮುಗಿಸಿದೊಡನೆ, ಹಲಗೆಯ ಮೇಲೆ ಬಾಗಿ, ಕಣ್ಣು ಮುಚ್ಚಿ, ಮಲಗಿದ ಮಗುವಿನ ಉಸಿರು ಆಲಿಸುವವರಂತೆ ಎಡಗೆನ್ನೆಯನ್ನು ಅದರುದ್ದಕ್ಕೂ ಜಾರಿಸುವರು. "ಬೆರಳು ಜಡ್ಡುಗಟ್ಟಿದೆ ಕಣ್ರೀ, ಸುಳ್ಳು ಹೇಳುತ್ತೆ. ಕೆನ್ನೆಗೆ ಸುಳ್ಳು ಬರಲ್ಲ," ಎನ್ನುವರು. ಹೀಗಾಗಿ ಕೆನ್ನೆ ಮೇಸ್ತ್ರಿ ಎಂಬ ಹೆಸರೇ ಅವರಿಗೆ ಅಂಟಿಕೊಂಡಿತು.

ಕೃಶವಾದ ನೀಳಕಾಯ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಬೂದುಬಣ್ಣದ ಕೋಟು. ಮರದ ಹೊಟ್ಟು ತುಂಬಿಕೊಳ್ಳದಿರಲೆಂದು ಅದರ ಜೇಬುಗಳನ್ನೆಲ್ಲ ಹೊಲಿದುಬಿಟ್ಟಿದ್ದರು. ನಡಿಗೆಯೂ ಯಂತ್ರದ್ದೇ: ನೇರ ಹೋಗಿ, ಗಕ್ಕನೆ ನಿಂತು, ಲಂಬಕೋನದಲ್ಲಿ ತಿರುಗುವರು. ಮರ ಉಜ್ಜಿ ನಯ ಮಾಡುವ ಉಪ್ಪುಕಾಗದಕ್ಕೂ ಅವರಿಗೂ ಎಣ್ಣೆ-ಸೀಗೆಕಾಯಿ ಸಂಬಂಧ. "ಕೆತ್ತೋ ಬಿಟ್ ಚೂಪಾಗಿರಲಿ, ಅದು ಎಳೆದ ಗೆರೆಗೂ ಗೆರೆಗೂ ಕೂದಲೆಳೆಯಷ್ಟೇ ಅಂತರ ಇರಲಿ, ಮರದ ಎಳೆ ಹೇಳಿದ ದಿಕ್ಕಿಗೆ ಹೋಗಲಿ. ಆಮೇಲೂ ಉಜ್ಜಬೇಕು ಅಂದ್ರೆ ಅದು ತಪ್ಪಿಗೆ ಸುಣ್ಣ ಬಳಿಯೋದು."

ನಾನು ಪುಸ್ತಕದ ಕಪಾಟು ಮಾಡಿಸಲು ಅಲ್ಲಿಗೆ ಹೋಗಿಬರುತ್ತಿದ್ದ ಕಾಲದಲ್ಲೇ ಒಬ್ಬ ಹೆಣ್ಣುಮಗಳು ತೀರಿಕೊಂಡ ತಾಯಿಯ ಫೋಟೋ ತಂದಳು. ಅವಳ ತಂದೆ ಹುಟ್ಟುಕುರುಡರು. ಹೆಂಡತಿಯ ಮುಖವನ್ನು ಕೈಯಿಂದಲೇ ಕಂಡವರು. "ಫೋಟೋ ಕೊಟ್ರೆ ಅಪ್ಪನಿಗೆ ಗಾಜು ಸಿಗುತ್ತೆ, ಅಮ್ಮ ಸಿಗಲ್ಲ. ನೀವು ಮರದಲ್ಲಿ ಮಾಡಿಕೊಡಿ."

ತಮ್ಮ ನಯಕ್ಕೆ ತೀರ್ಪು ಕೊಡುವುದು ಬೆರಳುಗಳೆಂದು ತಿಳಿದು ಮೇಸ್ತ್ರಿ ಮೊದಲ ಬಾರಿಗೆ ಅಳುಕಿದರು. ಫೋಟೋದಿಂದ ಕಂಪ್ಯೂಟರಿನಲ್ಲಿ ತಯಾರಿಸಿದ ಮಾದರಿಯಂತೆ ಮರದಲ್ಲಿ ಮುಖ ಮೂಡಿತು; ಹಣೆ, ಮೂಗು, ತುಟಿ ಬೆಣ್ಣೆಯಂತಿದ್ದವು. ಎಡಗಣ್ಣಿನ ಕೆಳಗೆ ಮಾತ್ರ ಉಗುರಿನಷ್ಟು ಜಾಗ ತರಿತರಿಯಾಗಿ ಉಳಿಯಿತು. ಬಿಟ್ ಬದಲಿಸಿದರು. ಮರವನ್ನೇ ಬದಲಿಸಿದರು. ಮೂರನೆಯ ಹಲಗೆಗೆ ನಾನೇ ಸಾಕ್ಷಿ: ಬಿಟ್ ಆ ಜಾಗಕ್ಕೆ ಬಂದಾಗಲೆಲ್ಲ ಯಂತ್ರದ ಕೂಗು ಯಾರೋ ಉಸಿರು ಬಿಗಿಹಿಡಿದಂತೆ ತಗ್ಗುತ್ತಿತ್ತು. ಅದೇ ಮೇಜಿನ ಮೇಲೆ ನನ್ನ ಕಪಾಟಿನ ಬಾಗಿಲು ಲೋಪವಿಲ್ಲದೆ ಬಂದಿತ್ತು. ಕಂಪ್ಯೂಟರಿನಲ್ಲಿ ಆ ಕೆನ್ನೆಯನ್ನು ಎಷ್ಟು ಹಿಗ್ಗಿಸಿ ನೋಡಿದರೂ ಒಂದು ಗೀರಿಲ್ಲ. "ಮರ ಬೇರೆ, ಬಿಟ್ ಬೇರೆ, ಜಾಗ ಮಾತ್ರ ಒಂದೇ. ಇದೇನ್ರೀ?" ಎಂದು ಕೆನ್ನೆಯನ್ನು ಮತ್ತೊಮ್ಮೆ ಆ ಜಾಗಕ್ಕೆ ಒತ್ತಿದರು.

ಒಪ್ಪಿಸುವ ದಿನ ಅವರು ಜೀವನದಲ್ಲಿ ಮೊದಲ ಸಲ ಉಪ್ಪುಕಾಗದ ಹಿಡಿದರು. ಅದನ್ನು ಮಡಿಸಿ ಆ ಜಾಗಕ್ಕೆ ಒತ್ತುವಷ್ಟರಲ್ಲಿ ಮಗಳ ತೋಳು ಹಿಡಿದು ಮುದುಕರು ಒಳಗೆ ಬಂದರು. ಅವರ ಬೆರಳುಗಳು ಮರದ ಮುಖದ ಹಣೆಯಿಂದ ಇಳಿದು, ಹುಬ್ಬು ದಾಟಿ, ಎಡಗಣ್ಣಿನ ಕೆಳಗೆ ನಿಂತುಬಿಟ್ಟವು.

"ಇದನ್ನ ನಿಮಗೆ ಯಾರು ಹೇಳಿದ್ರು?"

"ಕ್ಷಮಿಸಿ ಯಜಮಾನರೇ, ಅದೊಂದು ಜಾಗ ನಯ ಬರಲೇ ಇಲ್ಲ. ಈಗಲೇ ಉಜ್ಜಿಕೊಡ್ತೀನಿ."

"ಮುಟ್ಟಬೇಡಿ!" ಮುದುಕರು ಎರಡೂ ಅಂಗೈಯಿಂದ ಆ ಮುಖವನ್ನು ಮುಚ್ಚಿದರು. "ಚಿಕ್ಕವಳಿದ್ದಾಗ ಬಿದ್ದಿದ್ಲಂತೆ. ಒಳಗಾಯ."

"ಅಮ್ಮನಿಗೆ ಅಲ್ಲಿ ಕಲೆಯೇ ಇರಲಿಲ್ಲವಲ್ಲ ಅಪ್ಪ?" ಎಂದಳು ಮಗಳು.

"ನೋಡೋರಿಗೆ ಇರಲಿಲ್ಲಮ್ಮ. ಬೆರಳಿಗೆ ಸಿಗ್ತಿತ್ತು. 'ಇದು ನಿಮಗೊಬ್ಬರಿಗೇ ಗೊತ್ತಿರೋ ಗುರುತು' ಅಂತ ನಗ್ತಿದ್ಲು."

ಅವರು ಹೋದ ಮೇಲೆ ಮೇಸ್ತ್ರಿ ಅದೇ ಹಲಗೆಯ ಉಳಿದ ತುಂಡಿನ ಮೇಲೆ, ಅದೇ ಬಿಟ್ಟಿನಿಂದ, ಅದೇ ಮುಖವನ್ನು ಮತ್ತೊಮ್ಮೆ ಕೆತ್ತಿಸಿ ನನ್ನನ್ನು ಕರೆದರು. ನಾನು ಅಂಗೈ ಇಟ್ಟೆ. ಎಲ್ಲಿಯೂ ತಡೆಯಿಲ್ಲ, ಎಡಗಣ್ಣಿನ ಕೆಳಗೂ ಇಲ್ಲ. ಆ ತಣ್ಣನೆಯ ನಯ ತಾಕಿ ಕೈ ಹಿಂದೆಗೆದೆ. "ಈಗ ಯಾಕ್ರೀ ಸರಿಯಾಗಿ ಬಂತು?" ಎಂದು ಅವರು ಪಿಸುಗುಟ್ಟಿದರು. ಆಮೇಲೆ ಅವರು ಬಾಗಿಲು ಕೆತ್ತಿದರು, ಹೂಬಳ್ಳಿ ಕೆತ್ತಿದರು. ಮನುಷ್ಯರ ಮುಖಕ್ಕೆ ಮಾತ್ರ ಕೈಹಾಕಲಿಲ್ಲ.

ಕಸುಬಿನಲ್ಲಿ ಕೂದಲೆಳೆಯ ಲೋಪವನ್ನೂ ಸಹಿಸದ ಇಂಥ ಜನ ದೇವರನ್ನು ನಂಬದಿರಬಹುದು, ದೆವ್ವವನ್ನೂ ನಂಬದಿರಬಹುದು. ಆದರೆ ತಮ್ಮದಲ್ಲದ ಒಂದು ಕೈ ತಮ್ಮ ಕೆಲಸದೊಳಗೆ ಬಂದು ಹೋದರೆ ಅದು ತಿಳಿಯುವುದು ಅವರಿಗೇ. ಅಂದಾಜಿನಲ್ಲೇ ಬದುಕು ಸಾಗಿಸುವ ನಮ್ಮಂಥವರ ಕೆಲಸದಲ್ಲಿ ಅಂಥ ಕೈಗಳು ಎಷ್ಟು ಬಂದು ಹೋದವೋ, ಅವುಗಳ ಗುರುತನ್ನೆಲ್ಲ ನಮ್ಮದೇ ತಪ್ಪೆಂದು ಉಜ್ಜಿಬಿಟ್ಟಿರುತ್ತೇವೆ.